ಹೃದಯದ ತೂತು: ಯಾವುದು ತಾನೇ ಮುಚ್ಚಿಕೊಳ್ಳುತ್ತದೆ, ಯಾವುದನ್ನು ಯಾವಾಗ ಮುಚ್ಚಬೇಕು

ಆರು ವಾರದ ಕೂಸನ್ನು ಲಸಿಕೆಗೆಂದು ಕರೆದೊಯ್ದಿರುತ್ತಾರೆ. ಎದೆಯ ಮೇಲಿಟ್ಟ ಸ್ಟೆತಾಸ್ಕೋಪನ್ನು ವೈದ್ಯರು ಬೇಗ ತೆಗೆಯುವುದಿಲ್ಲ. "ಒಂದು ಶಬ್ದ ಕೇಳಿಸುತ್ತಿದೆ, ಎಕೋ ಮಾಡಿಸಿಬಿಡಿ" ಎನ್ನುತ್ತಾರೆ. ಸಂಜೆ ಕೈಗೆ ಬರುವ ಆ ಹೃದಯ ಸ್ಕ್ಯಾನಿನ ವರದಿಯಲ್ಲಿ "4 ಮಿ.ಮೀ. ವಿಎಸ್‌ಡಿ, ಎಡದಿಂದ ಬಲಕ್ಕೆ ಹರಿವು" ಎಂಬ ಒಂದು ಸಾಲು. ಹೃದಯದ ಗೋಡೆಯಲ್ಲೊಂದು ತೂತು ಎಂದರ್ಥ. ಅಲ್ಲಿಂದಾಚೆಗೆ ಮನೆಯಲ್ಲಿ ಎರಡೇ ಪ್ರಶ್ನೆ: ಮಗುವಿಗೆ ಏನಾಗುತ್ತದೆ? ಆಪರೇಷನ್ ಬೇಕೇ?

ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಹೃದಯದಲ್ಲಿ ಒಂದಲ್ಲ ಒಂದು ಹುಟ್ಟುದೋಷ ಇರುತ್ತದೆ. ಅವುಗಳಲ್ಲಿ ದೊಡ್ಡ ಪಾಲು ತೂತುಗಳದ್ದೇ. ಎಷ್ಟೋ ತೂತುಗಳು ಯಾರೂ ಮುಟ್ಟದೆ ತಾವಾಗಿ ಮುಚ್ಚಿಹೋಗುತ್ತವೆ. ಉಳಿದವನ್ನು ಮುಚ್ಚುವ ವಿಧಾನಗಳು ದಶಕಗಳಿಂದ ಪಳಗಿವೆ. ಆದರೆ ದೊಡ್ಡ ತೂತನ್ನು ಮುಚ್ಚಲು ಒಂದು ಕಾಲವಿದೆ. ಅದು ಮೀರಿದರೆ ಮುಚ್ಚುವುದೇ ಅಪಾಯ. ಆ ಲೆಕ್ಕ ಅರ್ಥವಾಗಬೇಕಾದರೆ ಮೊದಲು ಹೃದಯದೊಳಗಿನ ಒತ್ತಡ ಅರ್ಥವಾಗಬೇಕು.

ನಾಲ್ಕು ಕೋಣೆ, ನಡುವೆ ಒಂದು ಗೋಡೆ

ಹೃದಯವೆಂದರೆ ಅಕ್ಕಪಕ್ಕದಲ್ಲಿರುವ ಎರಡು ಪಂಪು. ಬಲಗಡೆಯದು ಮೈಯಿಂದ ಬಂದ, ಆಮ್ಲಜನಕ ಕಳೆದುಕೊಂಡ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ. ಎಡಗಡೆಯದು ಶ್ವಾಸಕೋಶದಿಂದ ಮರಳಿದ ರಕ್ತವನ್ನು ಇಡೀ ಮೈಗೆ ತಳ್ಳುತ್ತದೆ. ಪ್ರತಿ ಪಂಪಿಗೂ ಮೇಲೊಂದು ಕೋಣೆ, ಕೆಳಗೊಂದು ಕೋಣೆ. ಮೇಲಿನದು ಹೃತ್ಕರ್ಣ, ರಕ್ತ ಬಂದು ತುಂಬಿಕೊಳ್ಳುವ ಜಾಗ. ಕೆಳಗಿನದು ಹೃತ್ಕುಕ್ಷಿ, ರಕ್ತವನ್ನು ಹೊರಕ್ಕೆ ತಳ್ಳುವ ಜಾಗ. ಎಡಬಲಗಳ ನಡುವೆ ಗೋಡೆ.

ಎರಡೂ ಪಂಪು ತಳ್ಳುವ ರಕ್ತದ ಪ್ರಮಾಣ ಒಂದೇ. ಬಲ ಮಾತ್ರ ಬೇರೆ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿಯ ಮೇಲಿನ ಅಂಕಿ ದೊಡ್ಡವರಲ್ಲಿ 120ರ ಆಸುಪಾಸು ಇರುತ್ತದಲ್ಲ, ಅದು ಎಡ ಹೃತ್ಕುಕ್ಷಿಯ ಒತ್ತಡ. ಬಲ ಹೃತ್ಕುಕ್ಷಿಯಲ್ಲಿ ಅದು ಸುಮಾರು 25 ಅಷ್ಟೇ. ಶ್ವಾಸಕೋಶದ ರಕ್ತನಾಳಗಳು ಮೃದು, ಅವುಗಳಿಗೆ ಅಷ್ಟು ಸಾಕು. ಹಾಗಾಗಿ ಗೋಡೆಯಲ್ಲಿ ತೂತಿದ್ದರೆ ರಕ್ತ ಎಡದಿಂದ ಬಲಕ್ಕೆ ನುಗ್ಗುತ್ತದೆ. ಆಗಲೇ ಶುದ್ಧವಾಗಿ ಬಂದ ರಕ್ತ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಶ್ವಾಸಕೋಶಕ್ಕೆ ಬೇಡದ ಹೊರೆ, ಹೃದಯಕ್ಕೆ ಮಾಡಿದ್ದನ್ನೇ ಮಾಡುವ ದುಡಿಮೆ. ಕಾಯಿಲೆಯೆಂದರೆ ಇದು.

ತೂತು ಎಲ್ಲಿದೆಯೋ ಅದೇ ಅದರ ಹೆಸರು

ಮೇಲಿನ ಎರಡು ಕೋಣೆಗಳ ನಡುವಿನ ತೂತು ಎಎಸ್‌ಡಿ. ಇಲ್ಲಿ ಎಡಬಲಗಳ ಒತ್ತಡದ ವ್ಯತ್ಯಾಸ ತೀರಾ ಕಡಿಮೆ. ಹರಿವು ನಿಧಾನ, ಸದ್ದಿಲ್ಲ. ಮಗು ಆಡಿಕೊಂಡು ಬೆಳೆಯುತ್ತದೆ. ಕೆಲವರಲ್ಲಿ ಮೂವತ್ತು ನಲವತ್ತರ ವಯಸ್ಸಿನಲ್ಲಿ ಮೆಟ್ಟಿಲು ಹತ್ತುವಾಗ ಏದುಸಿರು ಬಂದಾಗಲೋ, ಎದೆಬಡಿತ ತಾಳ ತಪ್ಪಿದಾಗಲೋ ಮೊದಲ ಬಾರಿಗೆ ಪತ್ತೆಯಾಗುತ್ತದೆ.

ಕೆಳಗಿನ ಎರಡು ಕೋಣೆಗಳ ನಡುವಿನದು ವಿಎಸ್‌ಡಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ವರದಿಯಲ್ಲಿ ಇದರ ಹಿಂದೆ ಇನ್ನೊಂದು ಪದ ಇರುತ್ತದೆ, ಅದನ್ನು ಬಿಟ್ಟು ಓದಬಾರದು. 'ಮಸ್ಕ್ಯುಲರ್' ಎಂದರೆ ಗೋಡೆಯ ದಪ್ಪ ಮಾಂಸದ ಭಾಗದಲ್ಲಿದೆ. 'ಪೆರಿಮೆಂಬ್ರೇನಸ್' ಎಂದರೆ ಕವಾಟಗಳ ಪಕ್ಕದ ತೆಳು ಪೊರೆಯ ಭಾಗದಲ್ಲಿದೆ. 'ಔಟ್‌ಲೆಟ್' ಎಂದರೆ ಹೊರಹೋಗುವ ದೊಡ್ಡ ನಾಳಗಳ ಕವಾಟದ ಬುಡದಲ್ಲಿದೆ. ಮುಂದಿನ ತೀರ್ಮಾನವೆಲ್ಲ ಈ ಒಂದು ಪದವನ್ನು ಅವಲಂಬಿಸಿದೆ.

ಮೂರನೆಯದು ಪಿಡಿಎ. ಇದು ಗೋಡೆಯ ತೂತಲ್ಲ. ಮಗು ಗರ್ಭದಲ್ಲಿದ್ದಾಗ ಶ್ವಾಸಕೋಶಕ್ಕೆ ಕೆಲಸವಿಲ್ಲ, ಆಮ್ಲಜನಕ ತಾಯಿಯಿಂದ ಬರುತ್ತದೆ. ಅದಕ್ಕಾಗಿ ರಕ್ತವು ಶ್ವಾಸಕೋಶಕ್ಕೆ ಹೋಗದೆ ಪಕ್ಕದಿಂದ ಸಾಗಲು ಎರಡು ಅಡ್ಡದಾರಿಗಳಿರುತ್ತವೆ. ಒಂದು, ಮೇಲಿನ ಕೋಣೆಗಳ ನಡುವೆ ತೆರೆದುಕೊಳ್ಳುವ ಪೊರೆಯ ಬಾಗಿಲು. ಇನ್ನೊಂದು, ಎರಡು ದೊಡ್ಡ ನಾಳಗಳನ್ನು ಜೋಡಿಸುವ ಸಣ್ಣ ಕೊಳವೆ. ಕೂಸು ಉಸಿರಾಡಲು ಶುರುಮಾಡಿದ ಮೇಲೆ ಬಾಗಿಲು ಒತ್ತಿಕೊಳ್ಳುತ್ತದೆ, ಕೊಳವೆ ಎರಡು ಮೂರು ದಿನಗಳಲ್ಲಿ ಬಿಗಿದುಕೊಳ್ಳುತ್ತದೆ. ಬಿಗಿದುಕೊಳ್ಳದೆ ಉಳಿದ ಕೊಳವೆಯೇ ಪಿಡಿಎ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಇದು ಹೆಚ್ಚು.

ಪೊರೆಯ ಬಾಗಿಲು ಒತ್ತಿಕೊಂಡರೂ ಪೂರ್ತಿ ಅಂಟಿಕೊಳ್ಳದೆ ಉಳಿಯುವುದುಂಟು. ಅದನ್ನು ಪಿಎಫ್‌ಒ ಎನ್ನುತ್ತಾರೆ. ದೊಡ್ಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದಿದೆ. ನವಜಾತ ಶಿಶುವಿನ ಎಕೋದಲ್ಲಿ "ಪಿಎಫ್‌ಒ" ಎಂದು ಬರೆದಿದ್ದರೆ ಅದು ಕಾಯಿಲೆಯ ಹೆಸರಲ್ಲ. ಈ ಮೂರಕ್ಷರ ನೋಡಿ ವಾರಗಟ್ಟಲೆ ಕಂಗೆಡುವವರು ಬಹಳ ಮಂದಿ, ಆದ್ದರಿಂದ ಒತ್ತಿ ಹೇಳಬೇಕಾಯಿತು.

ಇವಲ್ಲದೆ, ಮೇಲಿನ ಗೋಡೆ, ಕೆಳಗಿನ ಗೋಡೆ ಎರಡೂ ಸೇರುವ ನಡುಮಧ್ಯದಲ್ಲೇ ದೊಡ್ಡ ತೂತಿದ್ದು, ಕವಾಟಗಳೂ ಸರಿಯಾಗಿ ಬೇರ್ಪಡದಿದ್ದರೆ ಅದು ಎವಿಎಸ್‌ಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದೋಷ ಇರುವುದರಿಂದ, ಹೊರಗೆ ಲಕ್ಷಣವಿರಲಿ ಇಲ್ಲದಿರಲಿ, ಅವರೆಲ್ಲರಿಗೂ ಹುಟ್ಟಿದ ಕೆಲವೇ ವಾರಗಳಲ್ಲಿ ಎಕೋ ಆಗಲೇಬೇಕು.

ಹುಟ್ಟಿದಾಗ ಇಲ್ಲದ ಶಬ್ದ ಆರನೇ ವಾರಕ್ಕೆ ಏಕೆ?

"ಹೆರಿಗೆಯಾದಾಗ ಎಲ್ಲಾ ಸರಿಯಿದೆ ಅಂದಿದ್ದರಲ್ಲ!" ಎಂದು ಪೋಷಕರು ಕೇಳುವುದು ಸಹಜ. ಅಂದು ಹೇಳಿದ್ದು ಸುಳ್ಳಲ್ಲ. ಹುಟ್ಟಿದಾಗ ಶ್ವಾಸಕೋಶದ ನಾಳಗಳು ಇನ್ನೂ ಬಿಗಿಯಾಗಿದ್ದು, ಬಲಗಡೆಯ ಒತ್ತಡವೂ ಎಡಗಡೆಯಷ್ಟೇ ಇರುತ್ತದೆ. ಬಾಗಿಲು ತೆರೆದಿದ್ದರೂ ಎರಡೂ ಕಡೆಯಿಂದ ಸಮನಾಗಿ ತಳ್ಳುತ್ತಿದ್ದರೆ ಯಾರೂ ದಾಟಲಾಗದು, ಹಾಗೆ. ಮುಂದಿನ ನಾಲ್ಕರಿಂದ ಆರು ವಾರಗಳಲ್ಲಿ ಆ ನಾಳಗಳು ಸಡಿಲವಾಗುತ್ತವೆ, ಬಲಗಡೆಯ ಒತ್ತಡ ಇಳಿಯುತ್ತದೆ, ತೂತಿನಿಂದ ರಕ್ತ ನುಗ್ಗತೊಡಗುತ್ತದೆ. ಶಬ್ದ ಹುಟ್ಟುವುದು ಆಗ. ದೊಡ್ಡ ತೂತಾದರೆ ಏದುಸಿರು ಶುರುವಾಗುವುದೂ ಆಗಲೇ.

ಹುಟ್ಟಿದ 24 ಗಂಟೆಯ ನಂತರ ಬಲಗೈಗೂ ಒಂದು ಕಾಲಿಗೂ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುವ ಪರೀಕ್ಷೆ ಇದೆ. ಎರಡೂ ಕಡೆ ಆಮ್ಲಜನಕದ ಮಟ್ಟ ಶೇ. 90ರಿಂದ 94ರ ನಡುವೆ ಬಂದರೆ ಅಥವಾ ಕೈಗೂ ಕಾಲಿಗೂ 3ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮರುಪರೀಕ್ಷೆ ಮಾಡುತ್ತಾರೆ. ಮತ್ತೆ ಹಾಗೇ ಬಂದರೆ ಎಕೋಗೆ ಕಳಿಸುತ್ತಾರೆ. 90ಕ್ಕಿಂತ ಕಡಿಮೆಯಿದ್ದರೆ ಮರುಪರೀಕ್ಷೆಗೆ ಕಾಯುವುದಿಲ್ಲ. ಇದು ಮೈ ನೀಲಿಗಟ್ಟಿಸುವ ಗಂಭೀರ ದೋಷಗಳನ್ನು ಹಿಡಿಯಲು ಇರುವ ಜರಡಿ. ಸಾದಾ ತೂತಿನಲ್ಲಿ ಶುದ್ಧ ರಕ್ತವೇ ಬಲಕ್ಕೆ ಹೋಗುವುದರಿಂದ ಆಮ್ಲಜನಕ ಕಡಿಮೆಯಾಗುವುದಿಲ್ಲ. ಆದ್ದರಿಂದ ಈ ಪರೀಕ್ಷೆ ಪಾಸಾದ ಮಾತ್ರಕ್ಕೆ ತೂತಿಲ್ಲ ಎನ್ನಲಾಗದು. ಗರ್ಭದಲ್ಲೇ 18ರಿಂದ 22 ವಾರಗಳ ನಡುವೆ ಮಾಡುವ ಸ್ಕ್ಯಾನಿನಲ್ಲೂ ದೊಡ್ಡ ವಿಎಸ್‌ಡಿ, ಎವಿಎಸ್‌ಡಿ ಸಿಗುತ್ತವೆ, ಚಿಕ್ಕವು ತಪ್ಪಿಹೋಗುತ್ತವೆ. ಸಾಮಾನ್ಯ ಎಎಸ್‌ಡಿಯಂತೂ ಸಿಗುವುದೇ ಕಷ್ಟ. ಆ ಜಾಗದ ಬಾಗಿಲು ಎಲ್ಲ ಭ್ರೂಣಗಳಲ್ಲೂ ತೆರೆದೇ ಇರುತ್ತದೆ.

ಶಬ್ದದ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ನೀರಿನ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಕಿರಿದು ಮಾಡಿದಷ್ಟೂ ನೀರು ಜೋರಾಗಿ ಸೀರುತ್ತದೆ, ಸದ್ದೂ ಹೆಚ್ಚು. ವಿಎಸ್‌ಡಿಯೂ ಹಾಗೇ. ಚಿಕ್ಕ ತೂತಿನದು ದೊಡ್ಡ ಸದ್ದು, ತೀರಾ ದೊಡ್ಡ ತೂತಿನದು ಮೆಲುಸದ್ದು. ಮೊದಲು ಜೋರಾಗಿದ್ದ ಶಬ್ದ ಕಡಿಮೆಯಾಗುತ್ತಾ ಹೋದರೆ ತೂತು ಮುಚ್ಚುತ್ತಿರಬಹುದು, ಇಲ್ಲವೇ ಶ್ವಾಸಕೋಶದ ಒತ್ತಡ ಏರುತ್ತಿರಬಹುದು. ಎರಡರಲ್ಲಿ ಯಾವುದೆಂದು ಕಿವಿಗಿಂತ ಎಕೋ ಸರಿಯಾಗಿ ಹೇಳುತ್ತದೆ.

ಮನೆಯಲ್ಲೇ ಕಾಣುವ ಲಕ್ಷಣಗಳು

ದೊಡ್ಡವರ ಹೃದಯದ ತೊಂದರೆ ಓಡುವಾಗ ಗೊತ್ತಾಗುತ್ತದೆ. ಹಸುಗೂಸಿಗೆ ಓಟವೆಂದರೆ ಹಾಲು ಕುಡಿಯುವುದೇ. ಆದ್ದರಿಂದ ಹಾಲೂಡಿಸುವ ತಾಯಿಗೇ ಇದು ಎಲ್ಲರಿಗಿಂತ ಮೊದಲು ಕಾಣುವುದು: ನಾಲ್ಕು ಗುಟುಕು ಕುಡಿದು ಬಿಡುವುದು, ಏದುಸಿರು ಬಿಟ್ಟು ಮತ್ತೆ ಬಾಯಿ ಹಾಕುವುದು, ಹಣೆಯಲ್ಲಿ ಬೆವರ ಹನಿ, ಅರ್ಧ ಗಂಟೆಯಾದರೂ ಹೊಟ್ಟೆ ತುಂಬದೆ ಸುಸ್ತಾಗಿ ನಿದ್ದೆ, ಸ್ವಲ್ಪ ಹೊತ್ತಿಗೇ ಹಸಿವಿನ ಅಳು.

ಮಗು ಮಲಗಿದ್ದಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡು ಪಟ್ಟು ಮಾಡಿದರೆ ಲೆಕ್ಕ ತಪ್ಪುತ್ತದೆ, ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು ಬಂದರೆ, ಪಕ್ಕೆಗಳ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ಕಾಯದೆ ತೋರಿಸಬೇಕು. ಮೊದಲ ಮೂರು ತಿಂಗಳಲ್ಲಿ ಮಗು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ತೂಕ ಹೆಚ್ಚಿಸಿಕೊಳ್ಳಬೇಕು. ಅದು ಆಗದಿರುವುದು, ಕಫ-ನ್ಯುಮೋನಿಯಾ ಪದೇ ಪದೇ ಮರುಕಳಿಸುವುದು ಕೂಡ ಸೂಚನೆಗಳೇ. ತುಟಿ, ನಾಲಿಗೆ ನೀಲಿಯಾದರೆ ಅದು ಸಾದಾ ತೂತಿನ ಲಕ್ಷಣವಲ್ಲ, ಅದಕ್ಕಿಂತ ತುರ್ತಾದದ್ದು.

ಎಕೋ ವರದಿಯಲ್ಲಿ ಏನು ನೋಡಬೇಕು

ಎಕೋ ಎಂದರೆ ಹೃದಯದ ಅಲ್ಟ್ರಾಸೌಂಡ್. ನೋವಿಲ್ಲ, ವಿಕಿರಣವಿಲ್ಲ. ಮಗು ಅಲುಗಾಡದಿರಬೇಕು ಅಷ್ಟೇ. ಬೇಕಾದರೆ ನಿದ್ದೆಯ ಔಷಧಿ ಕೊಡುತ್ತಾರೆ, ಅದಕ್ಕೆ ಮುಂಚೆ ಎಷ್ಟು ಹೊತ್ತು ಹಾಲು ಕೊಡಬಾರದೆಂದು ಕೇಳಿಕೊಂಡಿರಬೇಕು.

ವರದಿಯಲ್ಲಿ ಎಲ್ಲರ ಕಣ್ಣು ಮಿಲಿಮೀಟರಿಗೇ ಹೋಗುತ್ತದೆ. ಆದರೆ 5 ಮಿ.ಮೀ. ತೂತು ಹತ್ತು ವರ್ಷದವರಿಗೆ ಚಿಕ್ಕದು, ಒಂದು ತಿಂಗಳ ಕೂಸಿಗೆ ದೊಡ್ಡದು. ಹಾಗಾಗಿ ವಿಎಸ್‌ಡಿಯನ್ನು ಅದೇ ಮಗುವಿನ ಮಹಾಪಧಮನಿಯ ಬುಡದ ಅಗಲದೊಂದಿಗೆ ಹೋಲಿಸುತ್ತಾರೆ. ಅದರ ಮೂರನೇ ಒಂದಕ್ಕಿಂತ ಕಡಿಮೆಯಿದ್ದರೆ ಚಿಕ್ಕದು, ಹೆಚ್ಚುಕಡಿಮೆ ಅಷ್ಟೇ ಇದ್ದರೆ ದೊಡ್ಡದು.

ಇನ್ನೊಂದು ಅಂಕಿ 'ಗ್ರೇಡಿಯೆಂಟ್'. ತೂತಿನ ಮೂಲಕ ರಕ್ತ ಎಷ್ಟು ವೇಗದಲ್ಲಿ ಚಿಮ್ಮುತ್ತಿದೆ ಎಂದು ಡಾಪ್ಲರ್ ಅಳೆಯುತ್ತದೆ. ಆ ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ ಎರಡು ಕೋಣೆಗಳ ಒತ್ತಡದ ಅಂತರ ಸಿಗುತ್ತದೆ. ಸೆಕೆಂಡಿಗೆ 4 ಮೀಟರ್ ಎಂದರೆ 4×4×4, ಅಂದರೆ 64. ಮಗುವಿನ ಬಿಪಿ 90 ಇದ್ದರೆ ಬಲಗಡೆಯ ಒತ್ತಡ 90ರಲ್ಲಿ 64 ಕಳೆದು 26. ಶ್ವಾಸಕೋಶ ಸುರಕ್ಷಿತ. ವೇಗ 2 ಮೀಟರ್ ಮಾತ್ರ ಎಂದಾದರೆ ಅಂತರ 16, ಬಲಗಡೆ 74. ಶ್ವಾಸಕೋಶ ಪೂರ್ತಿ ಪೆಟ್ಟು ತಿನ್ನುತ್ತಿದೆ. ವಿಎಸ್‌ಡಿಯಲ್ಲಿ ಗ್ರೇಡಿಯೆಂಟ್ ಹೆಚ್ಚಿದ್ದಷ್ಟೂ ಒಳ್ಳೆಯದು. ದೊಡ್ಡ ಅಂಕಿ ಕಂಡು ಹೆದರುವವರು ಇದನ್ನು ಗಮನಿಸಬೇಕು.

ಮೂರನೆಯದಾಗಿ, ಕೋಣೆಗಳು ಹಿಗ್ಗಿವೆಯೇ? ವಿಎಸ್‌ಡಿ, ಪಿಡಿಎಗಳಲ್ಲಿ ಎಡಭಾಗ ಹಿಗ್ಗುತ್ತದೆ, ಎಎಸ್‌ಡಿಯಲ್ಲಿ ಬಲಭಾಗ. ಹಿಗ್ಗಿದ್ದರೆ ಹೊರೆ ನಿಜವಾಗಿ ಬಿದ್ದಿದೆ ಎಂದರ್ಥ. ಮೈಗೆ ಹೋಗುವ ರಕ್ತಕ್ಕೆ ಹೋಲಿಸಿದರೆ ಶ್ವಾಸಕೋಶಕ್ಕೆ ಒಂದೂವರೆ ಪಟ್ಟು ಅಥವಾ ಹೆಚ್ಚು ರಕ್ತ ಹೋಗುತ್ತಿದ್ದರೆ ತೂತನ್ನು ಮುಚ್ಚುವ ಯೋಚನೆ ಮಾಡುತ್ತಾರೆ. ಕೊನೆಯದು ಕವಾಟದ ಸೋರಿಕೆ. ಔಟ್‌ಲೆಟ್ ಮತ್ತು ಕೆಲವು ಪೆರಿಮೆಂಬ್ರೇನಸ್ ತೂತುಗಳಲ್ಲಿ ಚಿಮ್ಮುವ ರಕ್ತ ಪಕ್ಕದ ಮಹಾಪಧಮನಿ ಕವಾಟದ ಎಸಳನ್ನು ತನ್ನತ್ತ ಎಳೆದು ಜೋತುಬೀಳಿಸುತ್ತದೆ. ಹಾಗಾಗತೊಡಗಿದರೆ ತೂತು ಚಿಕ್ಕದಾದರೂ ಮುಚ್ಚಬೇಕು. ಎಸಳು ಒಮ್ಮೆ ಹಾಳಾದರೆ ಮೊದಲಿನಂತಾಗುವುದಿಲ್ಲ.

ಇಸಿಜಿ, ಎದೆಯ ಎಕ್ಸ್‌ರೇ ಪೂರಕ ಮಾಹಿತಿ ಕೊಡುತ್ತವೆ. ದೊಡ್ಡವರ ಎಎಸ್‌ಡಿಯಲ್ಲಿ ಅನ್ನನಾಳದೊಳಕ್ಕೆ ಸಣ್ಣ ಎಕೋ ಕೊಳವೆ ಇಳಿಸಿ ತೂತಿನ ಅಂಚುಗಳನ್ನು ಅಳೆಯುವುದುಂಟು.

ಕಾಯಬಹುದಾದವು, ಕಾಯಬಾರದವು

ಮಾಂಸದ ಗೋಡೆಯ ಚಿಕ್ಕ ವಿಎಸ್‌ಡಿಗಳಲ್ಲಿ ಹೆಚ್ಚಿನವು ಮೊದಲೆರಡು ವರ್ಷಗಳಲ್ಲೇ ಮುಚ್ಚಿಹೋಗುತ್ತವೆ. ಗೋಡೆ ಬೆಳೆದು ದಪ್ಪವಾದಂತೆ ತೂತು ಹಿಸುಕಿಹೋಗುತ್ತದೆ. ಪೆರಿಮೆಂಬ್ರೇನಸ್ ಮುಚ್ಚುವ ಸಾಧ್ಯತೆ ಅದಕ್ಕಿಂತ ಕಡಿಮೆ. ಅಲ್ಲಿ ಪಕ್ಕದ ಕವಾಟದ ಅಂಗಾಂಶ ಬಂದು ಅಂಟಿಕೊಂಡು ತೂತನ್ನು ಕಿರಿದಾಗಿಸುತ್ತದೆ. ಔಟ್‌ಲೆಟ್ ವಿಎಸ್‌ಡಿ, ಎವಿಎಸ್‌ಡಿಗಳು ತಾವಾಗಿ ಮುಚ್ಚುವುದಿಲ್ಲ. ಶೈಶವದಲ್ಲಿ ಕಂಡ 5 ಮಿ.ಮೀ.ಗಿಂತ ಚಿಕ್ಕ ಎಎಸ್‌ಡಿಗಳು ಬಹುಪಾಲು ಮುಚ್ಚುತ್ತವೆ, 8–10 ಮಿ.ಮೀ. ದಾಟಿದವು ಮುಚ್ಚುವುದು ಅಪರೂಪ.

ತೂತನ್ನು ಮುಚ್ಚುವ ಮಾತ್ರೆ ಇಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಪಿಡಿಎ ಒಂದೇ ಇದಕ್ಕೆ ಹೊರತು. ಇಂಡೊಮೆಥಾಸಿನ್, ಐಬುಪ್ರೊಫೆನ್ ಅಥವಾ ಪ್ಯಾರಾಸಿಟಮಾಲ್‌ನಿಂದ ಆಸ್ಪತ್ರೆಯಲ್ಲಿ ಅದನ್ನು ಬಿಗಿಯಿಸಲು ಪ್ರಯತ್ನಿಸುತ್ತಾರೆ. ಉಳಿದಂತೆ ಕೊಡುವ ಫ್ಯುರೊಸೆಮೈಡ್‌ನಂಥ ಮೂತ್ರವರ್ಧಕಗಳು ಶ್ವಾಸಕೋಶದಲ್ಲಿ ನಿಂತ ನೀರನ್ನು ಇಳಿಸಿ, ಮಗು ಬೆಳೆಯಲು ಸಮಯ ಒದಗಿಸುತ್ತವೆ. ಇವುಗಳ ಅಳತೆ ಮಿಲಿಲೀಟರಿನ ಭಾಗಗಳಲ್ಲಿರುತ್ತದೆ. ಚಮಚದಲ್ಲಿ ಅಲ್ಲ, ಸಿರಿಂಜಿನಲ್ಲೇ ಅಳೆಯಬೇಕು. ಹೊಸ ಬಾಟಲಿ ತಂದಾಗ ಒಂದು ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬುದು ಮೊದಲಿನಷ್ಟೇ ಇದೆಯೇ ಎಂದು ನೋಡಬೇಕು. ತಪ್ಪು ಆಗುವುದು ಬಹುಪಾಲು ಇಲ್ಲೇ.

ಊಟವೂ ಚಿಕಿತ್ಸೆಯ ಭಾಗ. ಏದುಸಿರು ಬಿಡುವ ಕೂಸು ಕೂತಲ್ಲೇ ಓಡುತ್ತಿರುವಂತೆ ಶಕ್ತಿ ಖರ್ಚು ಮಾಡುತ್ತದೆ. ಅದಕ್ಕೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 120ರಿಂದ 150 ಕ್ಯಾಲೊರಿ ಬೇಕಾಗಬಹುದು. ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ಕೊಡಬೇಕು. ಸಾಲದಿದ್ದರೆ ಹಾಲಿನ ಸತ್ವ ಹೆಚ್ಚಿಸುತ್ತಾರೆ ಅಥವಾ ಮೂಗಿನ ನಳಿಗೆಯಲ್ಲಿ ಕೊಡುತ್ತಾರೆ.

ಕಾಲ ಮೀರಿದರೆ ಏನಾಗುತ್ತದೆ

ದೊಡ್ಡ ವಿಎಸ್‌ಡಿಯ ಪೆಟ್ಟು ಬೀಳುತ್ತಲೇ ಇದ್ದರೆ ಶ್ವಾಸಕೋಶದ ಮೃದು ನಾಳಗಳು ತಮ್ಮ ಗೋಡೆ ದಪ್ಪ ಮಾಡಿಕೊಳ್ಳುತ್ತವೆ, ಒಳದಾರಿ ಕಿರಿದಾಗುತ್ತದೆ. ಹರಿವು ಕಡಿಮೆಯಾಗುತ್ತದೆ. ಆಗ ನಡೆಯುವ ಸಂಗತಿ ಪೋಷಕರನ್ನು ದಾರಿ ತಪ್ಪಿಸುತ್ತದೆ: ಮಗುವಿನ ಏದುಸಿರು ನಿಲ್ಲುತ್ತದೆ, ಬೆವರು ನಿಲ್ಲುತ್ತದೆ, ತೂಕ ಏರುತ್ತದೆ. "ಗುಣವಾಯಿತು" ಎಂದುಕೊಂಡು ತಪಾಸಣೆಗೆ ಹೋಗುವುದನ್ನೇ ಬಿಡುತ್ತಾರೆ. ಒಳಗೆ ಶ್ವಾಸಕೋಶದ ಒತ್ತಡ ಏರುತ್ತಿರುತ್ತದೆ. ಕೊನೆಗೆ ಬಲಗಡೆಯ ಒತ್ತಡ ಎಡಗಡೆಯದನ್ನೂ ಮೀರಿ ಹರಿವು ತಿರುಗಿಬೀಳುತ್ತದೆ, ಅಶುದ್ಧ ರಕ್ತ ಮೈಗೆ ಸೇರಿ ತುಟಿ, ಉಗುರು ನೀಲಿಯಾಗುತ್ತವೆ. ವಿಕ್ಟರ್ ಐಸೆನ್‌ಮೆಂಗರ್ 1897ರಲ್ಲಿ ವಿವರಿಸಿದ ಈ ಸ್ಥಿತಿಗೆ ಅವರದೇ ಹೆಸರಿದೆ. ಈ ಹಂತದಲ್ಲಿ ತೂತು ಬಲಗಡೆಯ ಒತ್ತಡಕ್ಕೆ ಉಳಿದಿರುವ ಒಂದೇ ಹೊರದಾರಿ. ಅದನ್ನು ಮುಚ್ಚಿದರೆ ಬಲ ಹೃತ್ಕುಕ್ಷಿ ಸೋತುಬಿಡುತ್ತದೆ.

ಆದ್ದರಿಂದಲೇ ದೊಡ್ಡ ವಿಎಸ್‌ಡಿ, ಎವಿಎಸ್‌ಡಿಗಳನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಮುಚ್ಚುತ್ತಾರೆ. "ಸ್ವಲ್ಪ ದೊಡ್ಡದಾಗಲಿ, ಮೈ ತುಂಬಿಕೊಳ್ಳಲಿ" ಎಂದು ಮುಂದೂಡುವುದು ಇಲ್ಲಿ ಮಗುವಿಗೆ ಮಾಡುವ ಉಪಕಾರವಲ್ಲ. ಎಎಸ್‌ಡಿಯಲ್ಲಿ ಒತ್ತಡದ ಪೆಟ್ಟಿಲ್ಲದ ಕಾರಣ 3ರಿಂದ 5 ವರ್ಷದವರೆಗೆ ಕಾಯಬಹುದು. ತಡವಾಗಿ ಬಂದವರಲ್ಲಿ ಕ್ಯಾಥೆಟರ್ (ರಕ್ತನಾಳದೊಳಗೆ ಸಾಗಿಸುವ ಸಣ್ಣ ಕೊಳವೆ) ಹಾಕಿ ಶ್ವಾಸಕೋಶದ ಪ್ರತಿರೋಧ ಅಳೆದು, ಆಮ್ಲಜನಕ ಕೊಟ್ಟಾಗ ಅದು ಇಳಿಯುತ್ತದೆಯೇ ಎಂದು ನೋಡಿಯೇ ತೀರ್ಮಾನಿಸುತ್ತಾರೆ.

ತೊಡೆಯ ನಾಳದಿಂದ ಹೃದಯಕ್ಕೆ

1975ರಲ್ಲಿ ಅಮೆರಿಕದ ಕಿಂಗ್ ಮತ್ತು ಮಿಲ್ಸ್ ಎದೆ ತೆರೆಯದೆ ಎಎಸ್‌ಡಿ ಮುಚ್ಚಿ ತೋರಿಸಿದರು. ಈಗ ಬಳಸುವ ಡಿವೈಸ್ ನಿಟಿನಾಲ್ ಎಂಬ ನಿಕ್ಕಲ್-ಟೈಟೇನಿಯಂ ತಂತಿಯಿಂದ ನೇಯ್ದ ಬಲೆ: ಎರಡು ಬಿಲ್ಲೆ, ನಡುವೆ ಸೊಂಟ. ಎಳೆದರೆ ದಾರದಂತೆ ಉದ್ದವಾಗಿ ಕೊಳವೆಯೊಳಗೆ ಹೋಗುತ್ತದೆ, ಹೊರಗೆ ಬಿಟ್ಟರೆ ತನ್ನ ಆಕಾರಕ್ಕೆ ಮರಳುತ್ತದೆ.

ತೊಡೆಸಂದಿನ ಅಭಿಧಮನಿಗೆ ಸೂಜಿ ಚುಚ್ಚಿ, ಅದರ ಮೂಲಕ ಕೆಲವೇ ಮಿಲಿಮೀಟರ್ ದಪ್ಪದ ಕೊಳವೆಯನ್ನು ಬಲ ಹೃತ್ಕರ್ಣಕ್ಕೆ, ಅಲ್ಲಿಂದ ತೂತನ್ನು ದಾಟಿಸಿ ಎಡಕ್ಕೆ ಒಯ್ಯುತ್ತಾರೆ. ಮೊದಲ ಬಿಲ್ಲೆಯನ್ನು ಎಡಗಡೆ ಅರಳಿಸಿ, ಗೋಡೆಗೆ ತಾಗುವವರೆಗೆ ಹಿಂದಕ್ಕೆ ಎಳೆಯುತ್ತಾರೆ. ಆಮೇಲೆ ಸೊಂಟ, ಆಮೇಲೆ ಬಲಗಡೆಯ ಬಿಲ್ಲೆ. ಗೋಡೆ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ತಂತಿಯನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಜಗ್ಗಿ, ಡಿವೈಸ್ ಅಲುಗುತ್ತದೆಯೇ, ಕವಾಟಕ್ಕೆ ತಾಗುತ್ತಿದೆಯೇ ಎಂದು ಎಕೋದಲ್ಲಿ ನೋಡುತ್ತಾರೆ. ಸರಿಯಿಲ್ಲವೆಂದರೆ ಮಡಚಿ ಕೊಳವೆಯೊಳಕ್ಕೆ ಮತ್ತೆ ಎಳೆದುಕೊಳ್ಳಬಹುದು. ಎಲ್ಲ ಸರಿಯಾದ ಮೇಲಷ್ಟೇ ತಿರುಪು ಬಿಚ್ಚಿ ತಂತಿಯಿಂದ ಬೇರ್ಪಡಿಸುತ್ತಾರೆ. ಮೂರರಿಂದ ಆರು ತಿಂಗಳಲ್ಲಿ ಹೃದಯದ ಒಳಪೊರೆ ಅದರ ಮೇಲೆ ಬೆಳೆದುಕೊಳ್ಳುತ್ತದೆ.

ಎಲ್ಲ ಎಎಸ್‌ಡಿಗೂ ಇದು ಒಗ್ಗುವುದಿಲ್ಲ. ತೂತು ಗೋಡೆಯ ನಡುಭಾಗದ್ದಾಗಿರಬೇಕು, ಬಿಲ್ಲೆ ಕಚ್ಚಿಕೊಳ್ಳಲು ಸುತ್ತಲೂ ಸುಮಾರು 5 ಮಿ.ಮೀ. ಅಂಚಿರಬೇಕು. ಅಂಚು ಸಾಲದಿದ್ದರೆ ಡಿವೈಸ್ ಜಾರಿ ಬೇರೆಡೆ ಹೋಗಬಹುದು. ಅತಿ ದೊಡ್ಡದನ್ನು ಹಾಕಿದರೆ ಅಪರೂಪವಾಗಿ ಗೋಡೆಯನ್ನು ಉಜ್ಜಿ ಸವೆಸಬಹುದು. ನಿಕ್ಕಲ್ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಪಿಡಿಎಯನ್ನು ಈಗ ಬಹುತೇಕ ಹೀಗೇ ಮುಚ್ಚುತ್ತಾರೆ. 700 ಗ್ರಾಂ ತೂಕದ ಶಿಶುಗಳಿಗೂ ಹಾಕಬಹುದಾದ ಪುಟ್ಟ ಡಿವೈಸ್‌ಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದೆ. ವಿಎಸ್‌ಡಿಯಲ್ಲಿ ಆಯ್ಕೆ ಸೂಕ್ಷ್ಮ. ಪೆರಿಮೆಂಬ್ರೇನಸ್ ತೂತಿನ ಅಂಚಿನಲ್ಲೇ ಹೃದಯದ ವಿದ್ಯುತ್ ಸಂದೇಶ ಒಯ್ಯುವ ತಂತು ಹಾದುಹೋಗುತ್ತದೆ, ಡಿವೈಸ್ ಅದನ್ನು ಒತ್ತಿದರೆ ಬಡಿತವೇ ನಿಧಾನವಾಗುತ್ತದೆ.

ಎದೆ ತೆರೆದು ಮುಚ್ಚುವುದು

ಜಾನ್ ಗಿಬ್ಬನ್ 1953ರ ಮೇ 6ರಂದು ತಾವೇ ರೂಪಿಸಿದ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಎಎಸ್‌ಡಿ ಮುಚ್ಚಿದರು. ಮೂಲ ಕ್ರಮ ಇಂದಿಗೂ ಅದೇ. ಎದೆಮೂಳೆ ಸೀಳಿ, ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಪೊಟ್ಯಾಸಿಯಂ ಇರುವ ತಣ್ಣನೆಯ ದ್ರಾವಣದಿಂದ ಹೃದಯವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ಬಲ ಹೃತ್ಕರ್ಣ ತೆರೆದು, ವಿಎಸ್‌ಡಿಯಾದರೆ ಕವಾಟದ ಮೂಲಕವೇ ಉಪಕರಣ ಇಳಿಸಿ, ತೂತಿಗೆ ತೇಪೆ ಹೊಲಿಯುತ್ತಾರೆ. ತೇಪೆ ಹೃದಯದ ಹೊರಪೊರೆಯಿಂದಲೇ ಕತ್ತರಿಸಿದ್ದಾಗಿರಬಹುದು, ಕೃತಕ ಬಟ್ಟೆಯದಾಗಿರಬಹುದು. ವಿದ್ಯುತ್ ತಂತು ಇರುವ ಅಂಚಿನಲ್ಲಿ ಹೊಲಿಗೆಯನ್ನು ದೂರವಿಟ್ಟು ಹಾಕುತ್ತಾರೆ. ಹಾಗಿದ್ದೂ ಕೆಲವೇ ಕೆಲವರಿಗೆ ಪೇಸ್‌ಮೇಕರ್ ಬೇಕಾಗಬಹುದು. ತೊಡಕಿಲ್ಲದಿದ್ದರೆ ಸುಮಾರು ಒಂದು ವಾರದಲ್ಲಿ ಮನೆಗೆ ಕಳಿಸುತ್ತಾರೆ.

ಮನೆಗೆ ಬಂದ ಮೇಲೆ

ಎದೆಮೂಳೆ ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಮಗುವನ್ನು ಕಂಕುಳಲ್ಲಿ ಕೈಹಾಕಿ ಎತ್ತಬಾರದು. ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಕೈ ಪೃಷ್ಠದ ಕೆಳಗೆ ಕೊಟ್ಟು ಬಾಚಿ ಎತ್ತಬೇಕು. ತೋಳು ಹಿಡಿದು ಎಳೆಯಬಾರದು. ಗಾಯ ಕೆಂಪಾಗಿ ಕೀವು ಕಂಡರೆ ತೋರಿಸಬೇಕು. ಒಂದರಿಂದ ಆರು ವಾರಗಳ ನಡುವೆ ಜ್ವರ, ಎದೆನೋವು, ಕಾರಣವಿಲ್ಲದ ವಾಂತಿ, ಮಂಕು ಕಾಣಿಸಿದರೆ ಹೃದಯದ ಸುತ್ತ ನೀರು ತುಂಬಿಕೊಳ್ಳುತ್ತಿರಬಹುದು. ಇದನ್ನು ಹೊಟ್ಟೆ ಕೆಟ್ಟಿದೆ ಎಂದುಕೊಂಡು ದಿನ ಕಳೆಯಬಾರದು, ಅಂದೇ ಎಕೋ ಆಗಬೇಕು.

ಡಿವೈಸ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಆರು ತಿಂಗಳು ಕಡಿಮೆ ಪ್ರಮಾಣದ ಆಸ್ಪಿರಿನ್ ಇರುತ್ತದೆ. ಆ ಅವಧಿಯಲ್ಲಿ ಮಗುವಿಗೆ ಫ್ಲೂ ಅಥವಾ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು, ಆಸ್ಪಿರಿನ್ ಜೊತೆ ಸೇರಿ ಅಪರೂಪಕ್ಕೆ ಯಕೃತ್ತು, ಮಿದುಳಿಗೆ ಹಾನಿಯಾಗುವುದುಂಟು. ಡಿವೈಸ್ ಇರಲಿ ತೇಪೆ ಇರಲಿ, ಮೊದಲ ಆರು ತಿಂಗಳಲ್ಲಿ ಹಲ್ಲು ಕೀಳಿಸುವುದು, ವಸಡಿನ ಚಿಕಿತ್ಸೆ ಮಾಡಿಸುವುದಾದರೆ ಮೊದಲೇ ಆಂಟಿಬಯೋಟಿಕ್ ಬೇಕು. ಬಾಯಿಯ ಕ್ರಿಮಿಗಳು ರಕ್ತಕ್ಕಿಳಿದು ಹೊಸ ವಸ್ತುವಿನ ಮೇಲೆ ನೆಲೆಯೂರಬಹುದು. ಅಂಚಿನಲ್ಲಿ ಸೋರಿಕೆ ಉಳಿದಿದ್ದರೆ ಈ ಎಚ್ಚರ ಆರು ತಿಂಗಳ ನಂತರವೂ ಬೇಕು. ದಿನಕ್ಕೆರಡು ಸಲ ಹಲ್ಲುಜ್ಜುವುದು ಇವರಿಗೆ ಹೃದಯದ ಆರೈಕೆಯೂ ಹೌದು.

ಮಗುವಿನ ಫೈಲಿನಲ್ಲಿ ಮೊದಲ ಎಕೋ, ಆಪರೇಷನ್ ವರದಿ, ಡಿವೈಸಿನ ಹೆಸರು-ಅಳತೆಯ ಚೀಟಿ, ಈ ಮೂರನ್ನು ಜೋಪಾನವಾಗಿಡಿ. ಇಪ್ಪತ್ತೈದು ವರ್ಷದ ನಂತರ ಎಂಆರ್‌ಐ ಮಾಡಿಸುವಾಗಲೋ, ಅದೇ ಮಗು ತಾಯಿಯಾಗುವಾಗಲೋ ವೈದ್ಯರು ಮೊದಲು ಕೇಳುವ ಕಾಗದಗಳು ಅವೇ.